ಫೋನ್ ಹಿಡಿದ ಕೈ

ಬಿಳಿಚೋಡಿನ ಕಲ್ಲಮ್ಮ ಬೆಳಿಗ್ಗೆ ಎದ್ದು, ಮೈ ತೊಳೆದು, ಲಿಂಗಪೂಜೆ ಮುಗಿಸುವ ತನಕ ಒಂದು ತೊಟ್ಟು ನೀರನ್ನೂ ಬಾಯಿಗೆ ಬಿಟ್ಟವಳಲ್ಲ. ನ್ಯಾಮತಿ ಕಡೆಯ ತವರೂರಿನಲ್ಲಿ ಅವಳಿನ್ನೂ ಲಂಗ ಉಡುತ್ತಿದ್ದ ವಯಸ್ಸಿನಲ್ಲಿ ಅಯ್ಯನವರೊಬ್ಬರು ಕೊರಳಿಗೆ ಲಿಂಗ ಕಟ್ಟಿ, "ಮೊದಲು ಇದಕ್ಕೆ ನೀರು, ಆಮೇಲೆ ನಿನಗೆ ಮಗಳೇ" ಎಂದಿದ್ದರು. ಅವರು ಹೇಳಿದ್ದು ಅಷ್ಟೇ. ಅವಳು ಅದನ್ನು ಹಿಡಿದುಕೊಂಡದ್ದು ಮಾತ್ರ ಉಸಿರು ಹಿಡಿದುಕೊಂಡ ಹಾಗೆ. ಮಗಳು ಸಂಧ್ಯಾರಾಣಿ ಹುಟ್ಟಿದ ದಿನ, ಸೂಲಗಿತ್ತಿ ಬಿಸಿನೀರು ಹಾಕಿ ಮೈ ಒರೆಸಿದ ಮೇಲೆ, ಗೋಡೆಗೆ ಒರಗಿಕೊಂಡೇ ಎಡಗೈಯಲ್ಲಿ ಲಿಂಗ ಇಟ್ಟು ಪೂಜೆ ಮಾಡಿ, ಆಮೇಲೆ ಕಷಾಯ ಕುಡಿದಳಂತೆ. ಊರಿನ ಹೆಂಗಸರು ಈ ಸಂಗತಿಯನ್ನು ಹೊಸದಾಗಿ ಬಂದ ಸೊಸೆಯಂದಿರಿಗೆ ಹೇಳುತ್ತಿದ್ದರು. ಕಲ್ಲಮ್ಮ ತಾನಾಗಿ ಹೇಳಿಕೊಂಡವಳಲ್ಲ. ಹೇಳುವವರನ್ನು ತಡೆದವಳೂ ಅಲ್ಲ.

ಅವಳ ಗಂಡ ಬೆನಕಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಮುಂದೆ ಗಿರಣಿ, ಹಿಂದೆ ಮನೆ, ಅದರ ಹಿಂದೆ ಹಿತ್ತಲು, ಬಚ್ಚಲು. ಬೆಳಿಗ್ಗೆ ರಾಗಿ ಡಬ್ಬಿ, ಜೋಳದ ಚೀಲ ಹೊತ್ತು ಬಂದ ಹೆಂಗಸರು ಜಗುಲಿಯ ಮೇಲೆ ಕಾಯುತ್ತಾ ಕೂರುವರು. ಪೂಜೆ ಮುಗಿಯದೆ ಬೆಲ್ಟು ತಿರುಗುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು.

"ಏನು ಬೆನಕಪ್ಪಣ್ಣ, ಇವತ್ತು ಶಿವ ಇನ್ನೂ ಎದ್ದಿಲ್ಲೇನು?" ಎಂದು ಪಕ್ಕದ ಓಣಿಯ ಅಂಜಿನಮ್ಮ ಕೆಣಕುವಳು.

"ಶಿವ ಎದ್ದು ಆಗ್ಲೇ ಎಷ್ಟೊತ್ತಾತು. ನಮ್ಮ ಜಗದ್ಗುರುಗಳು ಇನ್ನೂ ಬಿಟ್ಟುಕೊಟ್ಟಿಲ್ಲ" ಎಂದು ಬೆನಕಪ್ಪ ಒಳಗೆ ಕೇಳುವ ಹಾಗೆ ಹೇಳುವನು.

ಅವನ ಕೊರಳಲ್ಲೂ ಲಿಂಗವಿತ್ತು. ಆದರೆ ಅವನದು ಕಣ್ಣಿಗೊತ್ತಿಕೊಂಡು ಮುಗಿಸುವ ಪೂಜೆ. "ಪೂಜೆ ನಿಂದು, ತೀರ್ಥ ನಂದು" ಎಂದು ಮದುವೆಯಾದ ಹೊಸದರಲ್ಲಿ ಹೆಂಡತಿಯೊಡನೆ ಒಪ್ಪಂದ ಮಾಡಿಕೊಂಡಿದ್ದ. ಅಂದಿನಿಂದ ಅವಳು ಪೂಜೆಯ ನೀರನ್ನು ಅವನ ಬೊಗಸೆಗೆ ಬಿಟ್ಟ ಮೇಲೆಯೇ ಅವನ ಚಹಾ, ಅವನ ಬೀಡಿ. ಸಕ್ಕರೆ ಕಾಯಿಲೆ ಬಂದ ಮೇಲೆ ಜಗಳೂರಿನ ಡಾಕ್ಟರು, ಎದ್ದ ಕೂಡಲೇ ಏನಾದರೂ ತಿನ್ನು ಎಂದು ಬೈದಿದ್ದರು. ಬೆನಕಪ್ಪ ನಕ್ಕು ಸುಮ್ಮನಾಗಿದ್ದ. ಅದು ಭಕ್ತಿಯೋ, ಹೆಂಡತಿಯೊಬ್ಬಳನ್ನೇ ಬರೀ ಹೊಟ್ಟೆಯಲ್ಲಿ ಕೂರಿಸಬಾರದು ಎನ್ನುವ ಮರ್ಯಾದೆಯೋ, ಅವನು ಬೇರೆ ಮಾಡಿ ನೋಡಿದವನಲ್ಲ.

ಯುಗಾದಿ ಕಳೆದು ಬಿಸಿಲು ಏರುತ್ತಿದ್ದ ಒಂದು ಭಾನುವಾರ. ಆ ವಾರ ಊರಿನ ನಾಲ್ಕಾರು ಮನೆಗಳಲ್ಲಿ ವಾಂತಿ ಭೇದಿ ಕಾಣಿಸಿಕೊಂಡಿತ್ತು. ನೀರು ಎನ್ನುವವರು ಕೆಲವರು, ಮದುವೆ ಮನೆಯ ಊಟ ಎನ್ನುವವರು ಕೆಲವರು. ಬೆಳಕು ಹರಿಯುವ ಮೊದಲೇ ಕಲ್ಲಮ್ಮನ ಹೊಟ್ಟೆ ತಿರುಚಿತು. ಹಿತ್ತಲಿಗೆ ಹೋಗಿ ಬಂದು ಮಲಗುವಷ್ಟರಲ್ಲಿ ಮತ್ತೆ ಹೋಗಬೇಕಾಯಿತು. ಅವಳು ಹಾಸಿಗೆಯಲ್ಲಿ ಮುದುರಿಕೊಂಡಿದ್ದಾಗ ಹಿತ್ತಲ ಬಾಗಿಲು ಕಿರುಗುಟ್ಟಿತು. ಬೆನಕಪ್ಪನೂ ಹೋಗುತ್ತಿದ್ದ. ಒಮ್ಮೆ, ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ.

"ನಿಮಗೂ ಹಿಡಕಂತೇನ್ರೀ?"

"ನಂಗೇನಾಗೈತೆ? ನಿನ್ನೆ ಬದನೆಕಾಯಿ ಜಾಸ್ತಿ ತಿಂದೆ. ನೀನು ಸುಮ್ನೆ ಮಲಕ."

ಬಿಸಿಲು ಬಂದಾಗ ಅವಳಿಗೆ ಎದ್ದು ನಿಲ್ಲುವುದೇ ಕಷ್ಟವಾಯಿತು. ಬಸ್ಸು ಹತ್ತಿ ಜಗಳೂರಿಗೆ ಹೋಗುವ ಹಾಗೆ ಹೊಟ್ಟೆ ಇರಲಿಲ್ಲ. ಬೆನಕಪ್ಪ ಚನ್ನಗಿರಿಯಲ್ಲಿದ್ದ ಮಗಳಿಗೆ ಫೋನ್ ಮಾಡಿದ. ಸಂಧ್ಯಾರಾಣಿ ತಡಮಾಡಲಿಲ್ಲ. ತಾನು ಅಲ್ಲಿಂದಲೇ, ಅಪ್ಪನ ನಂಬರಿಗೆ ವಿಡಿಯೋ ಕಾಲ್ ಮಾಡುವಂತೆ ಡಾಕ್ಟರೊಬ್ಬರನ್ನು ಗೊತ್ತು ಮಾಡಿದಳು. ಕಳೆದ ವರ್ಷ ಅವಳ ಮಗುವಿಗೆ ಜ್ವರ ಬಂದಾಗ ಹೀಗೆಯೇ ಫೋನಿನಲ್ಲಿ ತೋರಿಸಿ ವಾಸಿಯಾಗಿತ್ತು.

"ಅಪ್ಪಾಜಿ, ಈಗ ಫೋನ್ ಬರ್ತೈತೆ. ಹಸಿರು ಗುಂಡಿ ಒತ್ತು. ಅವ್ವನ ಮುಖ ಕಾಣಂಗೆ ಹಿಡಕ. ನಿನ್ನ ಮೂಗು ತೋರಿಸ್ಬೇಡ."

"ನನ್ನ ಮೂಗಿಗೇನಾಗೈತೆ? ನಿಮ್ಮವ್ವ ಒಪ್ಪಿದ ಮೂಗು ಕಣೆ ಇದು."

ಫೋನಿನಲ್ಲಿ ಕಂಡ ಡಾಕ್ಟರು ಸಂಧ್ಯಾರಾಣಿಗಿಂತ ಚಿಕ್ಕ ವಯಸ್ಸಿನವಳು. ಕನ್ನಡಕ, ಬಿಳಿ ಗೋಡೆ, ಮೆಲುದನಿ. ಬೆನಕಪ್ಪ ಮಂಚದ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಎರಡೂ ಕೈಯಲ್ಲಿ ಫೋನನ್ನು ಹೆಂಡತಿಯ ಮುಖಕ್ಕೆ ಹಿಡಿದ. ಡಾಕ್ಟರು ನಾಲಗೆ ತೋರಿಸಲು ಹೇಳಿದಳು, ಕಣ್ಣ ರೆಪ್ಪೆ ಎಳೆಯಲು ಹೇಳಿದಳು. ರಕ್ತ ಬಿತ್ತೇ, ಜ್ವರ ಇದೆಯೇ, ಬೇರೆ ಕಾಯಿಲೆ ಇದೆಯೇ ಎಂದು ಒಂದೊಂದಾಗಿ ಕೇಳಿದಳು. ಅವಸರವಿಲ್ಲದೆ ಕೇಳಿದಳು.

"ಬೆಳಿಗ್ಗೆಯಿಂದ ನೀರು, ಮಜ್ಜಿಗೆ ಏನಾದ್ರೂ ಕುಡಿದ್ರಾ ಅಮ್ಮ?"

ಕಲ್ಲಮ್ಮ ಗಂಡನ ಮುಖ ನೋಡಿದಳು. ಸ್ನಾನವಾಗಿಲ್ಲ, ಪೂಜೆಯಾಗಿಲ್ಲ, ಅದಕ್ಕೇ ಕುಡಿದಿಲ್ಲ ಎಂದು ಗುರುತಿಲ್ಲದ ಹುಡುಗಿಗೆ ಹೇಗೆ ಬಿಡಿಸಿ ಹೇಳುವುದು? ಹೇಳಿದರೆ ಅವಳು ಬೈದಾಳು. ಬೈದರೆ ಈ ವಿಷಯ ವಾದಕ್ಕೆ ಬೀಳುತ್ತದೆ. ಕೊರಳಲ್ಲಿರುವುದನ್ನು ವಾದಕ್ಕೆ ಹಾಕಿ ಅವಳಿಗೆ ರೂಢಿಯಿರಲಿಲ್ಲ. ಹೇಗೂ ಈ ಮಾತು ಮುಗಿದ ಕೂಡಲೇ ಮಿಂದು, ಪೂಜೆ ಮಾಡಿ ಕುಡಿಯುವುದೇ ತಾನೇ ಎಂದುಕೊಂಡಳು. ಹೌದೆನ್ನುವಂತೆ ತಲೆ ಆಡಿಸಿದಳು.

"ಮೂತ್ರ ಸರಿಯಾಗಿ ಹೋಗ್ತಿದೆಯಾ?"

ಗಿರಣಿಯ ಕಡೆಯ ಬಾಗಿಲು ತೆರೆದೇ ಇತ್ತು. ಜಗುಲಿಯ ಮೇಲೆ ಜನ ಕಾಯುತ್ತಿದ್ದರು, ಅವರಲ್ಲಿ ಗಂಡಸರೂ ಇದ್ದರು. ಕಲ್ಲಮ್ಮ ಅದಕ್ಕೂ ತಲೆ ಆಡಿಸಿದಳು.

"ಮನೆಯಲ್ಲಿ ಬೇರೆ ಯಾರಿಗಾದ್ರೂ ಹೀಗಾಗಿದೆಯಾ, ಯಜಮಾನ್ರೇ?"

"ಇಲ್ರೀ ಮೇಡಂ" ಎಂದ ಬೆನಕಪ್ಪ, ಫೋನಿನ ಹಿಂದಿನಿಂದ. "ಇರೋರು ನಾವಿಬ್ರೇ. ನಾನು ಗುಂಡುಕಲ್ಲಿನಂಗೆ ಇದ್ದೀನಿ. ನೀವು ಇವಳನ್ನ ನೋಡ್ರಿ."

ಅವನ ಮೇಲ್ತುಟಿಯ ಮೇಲೆ ಬೆವರು ಕೂತಿತ್ತು. ಫೋನ್ ಹಿಡಿದ ಕೈ ಸಣ್ಣಗೆ ನಡುಗುತ್ತಿತ್ತು. ಕಲ್ಲಮ್ಮನಿಗೆ ಎರಡೂ ಕಂಡವು. ಡಾಕ್ಟರಿಗೆ ಕಾಣುವಂತಿರಲಿಲ್ಲ. ಅವಳ ಕಣ್ಣಿಗೆ ಬೀಳುವುದು ಫೋನಿನ ಮುಂದಿರುವವರು ಮಾತ್ರ. ಹೇಳಬೇಕೆಂದು ಕಲ್ಲಮ್ಮ ಬಾಯಿ ತೆರೆದಳು. ಆದರೆ ಹೊರಗಿನವರ ಮುಂದೆ ಗಂಡನ ಮಾತು ಸುಳ್ಳು ಮಾಡಿ ಗೊತ್ತಿದ್ದವಳಲ್ಲ. ಬಾಯಿ ಹಾಗೇ ಮುಚ್ಚಿಕೊಂಡಿತು.

ಡಾಕ್ಟರು ವಾಂತಿ ನಿಲ್ಲುವ ಮಾತ್ರೆ, ಓಆರ್‌ಎಸ್ ಪುಡಿ ಬರೆದಳು. ಪುಡಿಯನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಕಲಸಿ ಚಮಚ ಚಮಚವಾಗಿ ಕುಡಿಯುತ್ತಲೇ ಇರಬೇಕು, ವಾಂತಿಯಾದರೆ ಸ್ವಲ್ಪ ತಡೆದು ಮತ್ತೆ ಕುಡಿಯಬೇಕು ಎಂದಳು. "ಔಷಧಿಗಿಂತ ನೀರೇ ಮುಖ್ಯ ಅಮ್ಮ. ಮೂತ್ರ ನಿಂತ್ರೆ, ಮಂಪರು ಬಂದ್ರೆ, ನನಗೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಮಧ್ಯಾಹ್ನ ನಾನೇ ಮತ್ತೆ ಫೋನ್ ಮಾಡ್ತೀನಿ."

"ಚಲೋ ಹುಡುಗಿ" ಎಂದ ಬೆನಕಪ್ಪ. ಜಗುಲಿಯವರಿಗೆ ಗಿರಣಿ ಇವತ್ತು ಬಂದ್ ಎಂದು ಹೇಳಿ ಕಳಿಸಿ, ಬಿಸಿಲಲ್ಲಿ ಮೆಡಿಕಲ್ ಶಾಪಿಗೆ ನಡೆದು ಹೋಗಿ, ಪುಡಿ ಮಾತ್ರೆ ತಂದ. ಬರುವಾಗ ದಾರಿಯಲ್ಲಿ ಎಲ್ಲೋ ಕೂತು ಬಂದಿರಬೇಕು, ತಡವಾಗಿತ್ತು. ಪಂಚೆಗೆ ಧೂಳು ಹತ್ತಿತ್ತು. ಕಾಯಿಸಿ ಆರಿಸಿದ ನೀರಿನಲ್ಲಿ ಪುಡಿ ಕಲಸಿ, ಚೊಂಬಿನ ಮೇಲೆ ತಟ್ಟೆ ಮುಚ್ಚಿ, ದೇವರ ಗೂಡಿನ ಕೆಳಗೆ ಇಟ್ಟ.

"ಇವತ್ತೊಂದಿನ ಒಂದು ಗುಟುಕು ಹಂಗೇ ಕುಡಿಯೇ" ಎಂದ.

"ನೀವು ಕುಡೀರಿ."

"ಪೂಜೆ ನಿಂದು, ತೀರ್ಥ ನಂದು. ಮೊದ್ಲು ನಿಂದು ಮುಗೀಲಿ."

"ನೀವೂ ಹೋಗ್ತಾ ಇದ್ದೀರಿ. ನಂಗೆ ಗೊತ್ತಿಲ್ಲ ಅಂದ್ಕಂಡೀರೇನು?"

"ಗೊತ್ತಿದ್ರೆ ಬೇಗ ಏಳು ಮತ್ತೆ. ಇಬ್ಬರಿಗೂ ಬೇಗ ಆಗ್ತೈತೆ."

ಅವನು ನಗುತ್ತಲೇ ಹೇಳಿದ. ಬಾಯಿ ಒಣಗಿ ತುಟಿ ಹಲ್ಲಿಗೆ ಅಂಟಿಕೊಂಡಿದ್ದರಿಂದ ಆ ನಗು ವಿಚಿತ್ರವಾಗಿ ಕಂಡಿತು. ಈಗ ಇಬ್ಬರ ಬಾಯಿಗೆ ನೀರು ಬೀಳುವುದು ತನ್ನೊಬ್ಬಳ ಪೂಜೆಯ ಮೇಲೆ ನಿಂತಿದೆ ಎಂದು ಕಲ್ಲಮ್ಮನಿಗೆ ಚೆನ್ನಾಗಿ ತಿಳಿದಿತ್ತು. ಒಮ್ಮೆ ಮೈ ತೊಳೆದು ಕೂತರೆ ಆಯಿತು, ಎಷ್ಟು ಹೊತ್ತಿನ ಕೆಲಸ ಎಂದುಕೊಂಡು ಎದ್ದಳು.

ಚಳಿಯಿಂದ ಅವಳ ಮೈ ನಡುಗುತ್ತಿತ್ತು. ತಣ್ಣೀರು ಬೇಡವೆಂದು ಬೆನಕಪ್ಪ ಬಚ್ಚಲ ಒಲೆ ಹಚ್ಚಿ, ಹೊರಗಿನ ತೊಟ್ಟಿಯಿಂದ ಕೊಡದಲ್ಲಿ ನೀರು ಹೊತ್ತು ಹಂಡೆಗೆ ತುಂಬಿದ. ಅವಳು ಮಿಂದು, ಮಡಿ ಉಟ್ಟು, ವಿಭೂತಿ ಧರಿಸಿ, ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ಇನ್ನೂ ನೀರೆರೆದಿರಲಿಲ್ಲ. ಹೊಟ್ಟೆ ಮುರಿದುಕೊಂಡು ಬಂತು. ಲಿಂಗವನ್ನು ಕಟ್ಟಿಕೊಂಡು ಓಡಿದಳು. ಸೀರೆ ಕೆಟ್ಟಿತು. ಮತ್ತೆ ಮೀಯಬೇಕು. ಬೆನಕಪ್ಪ ಮತ್ತೆ ಕೊಡ ಎತ್ತಿದ.

ಎರಡನೆಯ ಸಲ ನೀರೆರೆದಳು, ಪತ್ರೆ ಏರಿಸುವಾಗ ವಾಂತಿಯಾಯಿತು. ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ, ಹಳದಿ ನೀರು ಅಷ್ಟೇ. ಎದೆಯ ಮೇಲೆ, ಕೈಯ ಮೇಲೆ ಬಿತ್ತು. ಅವಳು ಅಳಲಿಲ್ಲ. ಶಿವನೇ, ಇಷ್ಟು ಹೊತ್ತು ಹಿಡಿದಿಡು ಎಂದು ಬೇಡಿಕೊಂಡಳು. ಚೊಂಬಿನ ಕಡೆ ಕಣ್ಣು ಹೋಯಿತು. ಕೈ ಹೋಗಲಿಲ್ಲ. ಹೆರಿಗೆಯ ದಿನ ಹೋಗದ ಕೈ ಇವತ್ತು ಹೇಗೆ ಹೋಗುತ್ತದೆ? ಊರೆಲ್ಲ ಹೊತ್ತು ಮೆರೆಸಿದ ಮಾತು ಈಗ ಅವಳ ಬಾಯಿಯ ಮೇಲೆ ಕೂತಿತ್ತು.

ಮೂರನೆಯ ಸಲ ಬೆನಕಪ್ಪ ನೀರು ತರಲು ಹೋದವನು ಬಚ್ಚಲಿಗೆ ಬರಲಿಲ್ಲ. ಕೊಡ ಕಲ್ಲಿನ ಮೇಲೆ ಬಿದ್ದ ಸದ್ದು ಕೇಳಿತು. ಕಲ್ಲಮ್ಮ ಗೋಡೆ ಹಿಡಿದುಕೊಂಡು ಬಂದು ನೋಡಿದಾಗ ಅವನು ಹಿತ್ತಲ ಬಾಗಿಲಲ್ಲಿ ಮಗ್ಗುಲಾಗಿ ಬಿದ್ದಿದ್ದ. ಚೆಲ್ಲಿದ ನೀರು ಅವನ ಕೆನ್ನೆಯ ಕೆಳಗೆ ಹರಿದು ಮಣ್ಣಿಗೆ ಇಳಿಯುತ್ತಿತ್ತು. ಕಣ್ಣು ಅರೆ ತೆರೆದಿತ್ತು. ಕರೆದರೆ ಗಂಟಲಿನಿಂದ ಏನೋ ಸದ್ದು ಬಂತು, ಮಾತು ಬರಲಿಲ್ಲ.

ಅವಳು ಕೂಗಿದ ಕೂಗಿಗೆ ಅಂಜಿನಮ್ಮ ಓಡಿ ಬಂದಳು. "ಅಯ್ಯೋ ಕಲ್ಲಕ್ಕ, ಏನಾತು? ಏಳಣ್ಣ, ಏಳು ಮ್ಯಾಕೆ!" ಅಷ್ಟರಲ್ಲಿ ಒಳಗೆ ಫೋನ್ ಹೊಡೆದುಕೊಂಡಿತು. ಮಧ್ಯಾಹ್ನ ಮಾಡುತ್ತೇನೆ ಎಂದಿದ್ದ ಡಾಕ್ಟರು. ಅಂಜಿನಮ್ಮ ಅದನ್ನು ತಂದು ಹಸಿರು ಗುಂಡಿ ಒತ್ತಿ, ಏನು ಹೇಳಬೇಕೋ ತಿಳಿಯದೆ ಬೆನಕಪ್ಪನ ಕಡೆ ತಿರುಗಿಸಿದಳು.

"ಇವರು ಯಾರು?" ಎಂದಳು ಡಾಕ್ಟರು.

"ಬೆನಕಪ್ಪಣ್ಣ ಕಣ್ರವ್ವ. ಇವರ ಯಜಮಾನ್ರು."

"ಬೆಳಿಗ್ಗೆ ಫೋನ್ ಹಿಡಿದಿದ್ದೋರಾ? ಇವರಿಗೆ ಯಾವಾಗಿಂದ?"

ಕಲ್ಲಮ್ಮ ನೆಲದ ಮೇಲೆ ಕೂತು ಗಂಡನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಿದ್ದಳು. "ಬೆಳಗಾಗೋಕೆ ಮುಂಚಿಂದ" ಎಂದಳು. "ಸಕ್ಕರೆ ಕಾಯಿಲೆನೂ ಐತೆ. ಬೆಳಗಿಂದ ಒಂದು ತೊಟ್ಟು ನೀರು ಕುಡಿದಿಲ್ಲ. ನಾನೂ ಕುಡಿದಿಲ್ಲ."

ಫೋನಿನಲ್ಲಿ ಡಾಕ್ಟರ ದನಿ ಜೋರಾಯಿತು. ಬೇರೆ ಫೋನಿನಿಂದ ತಕ್ಷಣ ಆಂಬುಲೆನ್ಸ್ ಕರೆಸಿ, ಅವರನ್ನು ಮಗ್ಗುಲಿಗೆ ಮಲಗಿಸಿ, ಬಾಯಿ ಒರೆಸಿ ಎಂದಳು. ಅಂಜಿನಮ್ಮ ಹೇಳಿದ್ದನ್ನೆಲ್ಲ ಮಾಡಿದಳು, ಬೀದಿಯವರನ್ನು ಕೂಗಿದಳು.

ಕಲ್ಲಮ್ಮ ತೆವಳಿಕೊಂಡು ಒಳಗೆ ಹೋಗಿ ಚೊಂಬು ತಂದಳು. ಮೀಯದ ಮೈ, ಕೆಟ್ಟ ಸೀರೆ, ಪೂಜೆಯಾಗದ ಲಿಂಗ. ತಟ್ಟೆ ಸರಿಸಿ ತಾನೇ ಮೊದಲು ಒಂದು ಗುಟುಕು ಕುಡಿದಳು. ತಾನು ಕುಡಿಯದೆ ಅವನು ಕುಡಿಯುವುದಿಲ್ಲ ಎಂದು ಗೊತ್ತಿತ್ತಲ್ಲ. "ನೋಡ್ರಿ, ಕುಡಿದೆ. ನಾನು ಕುಡಿದೆ ಕಣ್ರೀ" ಎನ್ನುತ್ತಾ ಚೊಂಬನ್ನು ಅವನ ತುಟಿಗೆ ಒಯ್ದಳು.

"ಬೇಡಮ್ಮ! ಈಗ ಹಾಕಬೇಡಿ!" ಎಂದು ಫೋನಿನಿಂದ ಡಾಕ್ಟರು ಕೂಗಿದಳು. "ಅವರಿಗೆ ಎಚ್ಚರ ಇಲ್ಲ. ನುಂಗೋಕಾಗಲ್ಲ, ಉಸಿರಿನ ದಾರಿಗೆ ಹೋಗುತ್ತೆ. ಇಡಿ ಅಮ್ಮ, ಚೊಂಬು ಕೆಳಗಿಡಿ."

ಕಲ್ಲಮ್ಮ ಚೊಂಬು ಕೆಳಗಿಟ್ಟಳು.

ಆಂಬುಲೆನ್ಸಿನಲ್ಲಿ ಇಬ್ಬರನ್ನೂ ಜಗಳೂರಿಗೆ ಒಯ್ದರು. ಅಲ್ಲಿ ಕೈಗೆ ಸೂಜಿ ಚುಚ್ಚಿ ಗ್ಲೂಕೋಸ್ ಏರಿಸಿ, ಬೆನಕಪ್ಪನನ್ನು ಕೂಡಲೇ ದಾವಣಗೆರೆಗೆ ಕಳಿಸಿದರು. ಅವನು ದಾವಣಗೆರೆ ಮುಟ್ಟಲಿಲ್ಲ. ಚನ್ನಗಿರಿಯಿಂದ ಹೊರಟ ಸಂಧ್ಯಾರಾಣಿ, ಅಳಿಯ ಸತೀಶ್ ಕುಮಾರ್ ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಕಾದಿದ್ದವರು ಹೆಣ ಇಳಿಸಿಕೊಂಡರು. ಕಲ್ಲಮ್ಮ ಜಗಳೂರಿನ ಮಂಚದ ಮೇಲೆ, ಬಾಟಲಿಯಿಂದ ಹನಿ ಹನಿಯಾಗಿ ಇಳಿಯುವ ನೀರನ್ನು ನೋಡುತ್ತಾ ಮಲಗಿದ್ದಳು. ಅದು ಯಾವ ಪೂಜೆಗೂ ಕಾಯದೆ ಅವಳ ಮೈಯೊಳಗೆ ಹೋಗುತ್ತಿತ್ತು.

ಮಣ್ಣು ಮಾಡುವ ಹೊತ್ತಿಗೆ ಅವಳನ್ನು ಕಾರಿನಲ್ಲಿ ಕರೆತಂದರು. ಕೈಯಲ್ಲಿ ಸೂಜಿಯ ಪಟ್ಟಿ ಇನ್ನೂ ಇತ್ತು. ಬೆನಕಪ್ಪನನ್ನು ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗ ಇರಿಸಿ, ವಿಭೂತಿಯ ನಡುವೆ ಮುಚ್ಚಿದರು. ಎಲ್ಲ ಮುಗಿಸಿ ಕೈ ತೊಳೆದು ಬಂದ ಊರಿನ ರುದ್ರಮುನಿ ಅಯ್ಯನವರನ್ನು ಕಲ್ಲಮ್ಮ ಒಂದೇ ಒಂದು ಮಾತು ಕೇಳಿದಳು.

"ಅಯ್ನೋರೇ, ಮೈ ಕೆಟ್ಟಿರುವಾಗ, ಮೀಯಾಕೆ ಆಗದೆ ಇದ್ದಾಗ, ಪೂಜೆ ಹೆಂಗೆ?"

"ಲಿಂಗ ಕಟ್ಟಿದವರಿಗೆ ಮೈಲಿಗೆ ಎಲ್ಲಿಂದ ಬರ್ತೈತೆ ತಾಯಿ? ವಿಭೂತಿ ಹಚ್ಚಿಕೊಂಡ್ರೆ ಅದೇ ಸ್ನಾನ. ಮಲಗಿದಲ್ಲೇ ಒಂದು ಹನಿ ನೀರು ಅದಕ್ಕೆ ಮುಟ್ಟಿಸಿದ್ರೂ ಆತು, ಮನಸ್ಸಿನಾಗೆ ನೆನೆದ್ರೂ ಆತು" ಎಂದು ಹೇಳುತ್ತಾ ಹೋದ ಅಯ್ಯನವರು ಅವಳ ಮುಖ ನೋಡಿ ನಡುವೆಯೇ ನಿಲ್ಲಿಸಿದರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವಳು ಯಾರನ್ನೂ ಇದನ್ನು ಕೇಳಿರಲಿಲ್ಲ. ಕೇಳುವ ಅಗತ್ಯವೂ ಬಿದ್ದಿರಲಿಲ್ಲ.

ಬೆನಕಪ್ಪನ ಹೆಸರಿನಲ್ಲಿ ಶಿವಗಣಾರಾಧನೆ ಮುಗಿದು ನೆಂಟರು ಹೊರಟ ಮೇಲೆ ಮನೆಯಲ್ಲಿ ಮೂವರೇ ಉಳಿದರು. ಊರಿನ ಮಾತು ಅಷ್ಟರಲ್ಲಿ ಗಟ್ಟಿಯಾಗಿತ್ತು. ಫೋನಿನಾಗೆ ನಾಡಿ ಹಿಡಿಯಾಕೆ ಆಗ್ತೈತಾ, ಆ ಡಾಕ್ಟರಮ್ಮ ಮನುಷ್ಯನ್ನ ಕೊಂದಳು, ಕಲ್ಲಮ್ಮನನ್ನ ಮಾತ್ರ ಅವಳ ಪೂಜೆ ಉಳಿಸಿತು ಎಂದು. ಗಂಡ ಹೆಂಡತಿ ಹೇಗಿದ್ದಾರೆ ಎಂದು ಕೇಳಲು ಡಾಕ್ಟರು ಬೆನಕಪ್ಪನ ಫೋನಿಗೆ ಮತ್ತೆ ಮತ್ತೆ ಮಾಡಿದ್ದಳು. ಸಂಧ್ಯಾರಾಣಿ ಪ್ರತಿ ಸಲವೂ ಕತ್ತರಿಸಿದ್ದಳು.

ಸತೀಶ್ ಕುಮಾರ್ ಚನ್ನಗಿರಿಯಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತ. ಮೃದು ಮನುಷ್ಯ. ಅತ್ತೆಯ ಮುಂದೆ ಚಾಪೆಯ ಮೇಲೆ ಕೂತು ಹೇಳಿದ.

"ಅತ್ತೆ, ನಮ್ಮ ಸಾಹೇಬರ ಹತ್ರ ಮಾತಾಡೀನಿ. ನಮ್ಮೋರ ಕೆಲಸ, ಏನೂ ತಗಳ್ಳಲ್ಲ ಅಂದಾರೆ. ಆ ಡಾಕ್ಟರಮ್ಮನ ಮೇಲೆ ದೂರು ಕೊಡೋಣ. ಎಲ್ಲಾ ಬರೆಯೋದು, ಓಡಾಡೋದು ನಂದು. ನೀವು ಒಂದು ಸಹಿ ಹಾಕ್ರಿ ಸಾಕು."

"ಹಾಕವ್ವ" ಎಂದಳು ಸಂಧ್ಯಾರಾಣಿ. "ನಾನೇ ಅವಳನ್ನ ಗೊತ್ತು ಮಾಡಿದ್ದು. ಅಪ್ಪಾಜಿನ ಕೈಯಾರೆ ಕೊಂದಂಗಾತು ನಂಗೆ. ಅವಳು ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ, ಮನೇಲಿ ಇನ್ಯಾರಿಗಾದ್ರೂ ಐತಾ ಅಂತ!"

ಕಲ್ಲಮ್ಮ ಮಗಳ ಮುಖ ನೋಡಿದಳು. ಅತ್ತು ಅತ್ತು ಊದಿಕೊಂಡ ಮುಖ. ಸುಮ್ಮನಿದ್ದರೆ ಈ ಮಗಳು ತನ್ನವಳಾಗಿ ಉಳಿಯುತ್ತಾಳೆ ಎಂದು ಅವಳಿಗೆ ಗೊತ್ತಿತ್ತು.

"ಕೇಳಿದ್ಲು" ಎಂದಳು.

"ಏನು?"

"ಕೇಳಿದ್ಲು ಆ ಹುಡುಗಿ. ನಿಮ್ಮಪ್ಪಾಜಿ ಇಲ್ಲ ಅಂದ್ರು. ಅವರಿಗೂ ಹೊಟ್ಟೆ ಕೆಟ್ಟೈತೆ ಅಂತ ನಂಗೆ ಗೊತ್ತಿತ್ತು. ನಾನು ಪಕ್ಕದಾಗೇ ಇದ್ದೆ. ಸುಮ್ನಿದ್ದೆ. ನೀರು ಕುಡಿದ್ರಾ ಅಂತ ನನ್ನ ಕೇಳಿದ್ಲು. ಕುಡಿದೆ ಅಂತ ತಲೆ ಆಡಿಸಿದೆ. ಪೂಜೆ ಆಗದೆ ನಾನು ಮುಟ್ಟಲಿಲ್ಲ. ನಾನು ಮುಟ್ಟದೆ ಅವರು ಮುಟ್ಟಲಿಲ್ಲ. ನನ್ನ ಸ್ನಾನಕ್ಕೆ ನೀರು ಹೊತ್ತೇ ಬಿದ್ರು."

"ನಂಗಾದ್ರೂ ಒಂದು ಮಾತು..." ಎಂದು ಶುರು ಮಾಡಿದ ಸಂಧ್ಯಾರಾಣಿ ಮುಗಿಸಲಿಲ್ಲ. ಎದ್ದು ಗಿರಣಿಯ ಕಡೆ ಹೋದಳು. ಬಾಗಿಲನ್ನು ತನ್ನ ಹಿಂದೆ ಎಳೆದುಕೊಂಡಳು. ಕಲ್ಲಮ್ಮ ಕರೆಯಲಿಲ್ಲ.

ಸತೀಶ್ ಕುಮಾರ್ ಸ್ವಲ್ಪ ಮುಂದೆ ಬಾಗಿ ದನಿ ತಗ್ಗಿಸಿದ.

"ಅತ್ತೆ, ಇದು ನಮ್ಮ ಮೂರು ಜನಕ್ಕೇ ಇರಲಿ. ಹೊರಗೆ ಒಂದು ಪಿಟ್ಟೂ ಹೋಗಂಗಿಲ್ಲ, ನಾನು ನೋಡ್ಕತೀನಿ. ಅವಳಿಗೂ ನಾನೇ ಸಮಾಧಾನ ಹೇಳ್ತೀನಿ. ದೂರು ಹೆಂಗಿದ್ರೂ ನಡೀತೈತೆ. ಊರಾಗೆ ನಿಮ್ಮ ಹೆಸರಿಗೆ ಏನೂ ಬರಬಾರದು."

"ನಿಮ್ಮ ಮನಸ್ಸು ಒಳ್ಳೇದು ಸತೀಶಪ್ಪ" ಎಂದಳು ಕಲ್ಲಮ್ಮ. "ಬ್ಯಾಡ. ದೂರೂ ಬ್ಯಾಡ, ಮುಚ್ಚಿಡೋದೂ ಬ್ಯಾಡ. ಆ ಹುಡುಗಿ ಇನ್ನೊಂದು ಸಲ ಫೋನ್ ಮಾಡಿದ್ರೆ ಕತ್ತರಿಸಬ್ಯಾಡ್ರಿ, ನನ್ನ ಕೈಗೆ ಕೊಡ್ರಿ."